ಹುಳು ಹಣ್ಣಾದ ದಿನ ಬಂದ ಸಾಹೇಬರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲ್ದೂರಿನಾಚೆಯ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಅದನ್ನು ನಿಲ್ಲಿಸಿದ ಕೀರ್ತಿ ಒಬ್ಬ ಮಹಾ ಬುದ್ಧಿವಂತ ಸಾಹೇಬರದು.

ಊರಿನ ತುಂಬ ರೇಷ್ಮೆ ಸಾಕಣೆ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಮನೆಮಂದಿಯೆಲ್ಲ ಕೂತು ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಬೆಳೆ ಹಾಳು. ಆ ದಿನ ಮಕ್ಕಳೂ ಮನೆಯಲ್ಲೇ. ಇದು ನಮ್ಮೂರಿನ ನಾಯಿಗೂ ಗೊತ್ತು. ಶಾಲೆ ತಪಾಸಣೆಗೆ ಸಾಹೇಬರ ಜೀಪು ಬಂದದ್ದು ಸರಿಯಾಗಿ ಅವತ್ತೇ. ತರಗತಿಯಲ್ಲಿದ್ದವರು ಆರು ಮಕ್ಕಳು.

"ಸಾರ್, ಇವತ್ತು ಹುಳು ಹಣ್ಣಾಗಿದೆ" ಎಂದೆ.

"ಹುಳಕ್ಕೂ ಹಾಜರಿಗೂ ಏನ್ರೀ ಸಂಬಂಧ?" ಎಂದರು. ಒಂದು ತಟ್ಟೆ ಉಪ್ಪಿಟ್ಟು ತಿಂದು, ಮಕ್ಕಳಿಗೆ ಊಟ ಬೇಕಾಗಿಲ್ಲ ಎಂದು ಬರೆದುಕೊಂಡು ಹೋದರು. ಖರ್ಚು ಕಡಿಮೆ ಮಾಡಲು ನೆಪ ಹುಡುಕುತ್ತಿದ್ದ ಸರ್ಕಾರಕ್ಕೆ ಇನ್ನೇನು ಬೇಕು. ನುಚ್ಚಿನ ಮೂಟೆ ಬರುವುದು ನಿಂತಿತು.

ಮೂರನೇ ತರಗತಿಯಲ್ಲಿ ಒಬ್ಬ ಕೂಲಿ ಹೆಂಗಸಿನ ಮಗಳಿದ್ದಳು. ಮಗ್ಗಿಯನ್ನು ಹಿಂದಿನಿಂದಲೂ ತಪ್ಪಿಲ್ಲದೆ ಹೇಳುವ ಹುಡುಗಿ. ಮಧ್ಯಾಹ್ನದ ಊಟ ಸಿಗುತ್ತದೆಂದೇ ತಾಯಿ ಅವಳನ್ನು ಶಾಲೆಗೆ ಕಳಿಸುತ್ತಿದ್ದಳು. ಆ ಮಗು ಕೈತಪ್ಪುತ್ತದೆಂಬ ಭಯಕ್ಕೆ ನಾನು ಮನೆಮನೆ ಅಲೆದೆ. ಎಲ್ಲರೂ ಪೇಟೆಯಲ್ಲಿದ್ದ ಸಾಹೇಬರ ಕಚೇರಿಗೆ ಮೆರವಣಿಗೆ ಬರಲು ಒಪ್ಪಿದರು.

ಅಷ್ಟರಲ್ಲಿ ಹೋರಾಟಕ್ಕೆ ಒಬ್ಬ ಮುಖಂಡರು ಗಂಟುಬಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದುರಿಗೆ ಇಬ್ಬರೇ ಇದ್ದರೂ ಸಾವಿರ ಜನಕ್ಕೆ ಕೇಳುವಂಥ ಗಂಟಲು. ಫೋಟೋದವನು ಬಿಡುವಾಗಿದ್ದ ದಿನವನ್ನೇ ಗೊತ್ತುಮಾಡಿದರು. ಅವತ್ತಿಗೆ ಮುಂದಿನ ಬೆಳೆಯ ಹುಳು ಹಣ್ಣಾಗುತ್ತದೆಂದು ನನಗೆ ಅನುಮಾನವಿತ್ತು. ಹೇಳಿದೆ.

"ಜನ ಎದ್ದರೆ ಹುಳು ಏನ್ ಮಾಡುತ್ತೆ ಮೇಷ್ಟ್ರೇ" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ದೊಡ್ಡವರ ಮುಂದೆ ಸುಮ್ಮನಿರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಹುಳು ಅವತ್ತೇ ಹಣ್ಣಾಯಿತು. ಇಡೀ ಊರು ಚಂದ್ರಿಕೆ ಮುಂದೆ ಕೂತಿತು. ಕಚೇರಿಯ ಮುಂದೆ ನಿಂತವರು ಮುಖಂಡರು, ಫೋಟೋದವನು, ನಾನು, ಮತ್ತೆ ಕೂಲಿ ಬಿಟ್ಟು ಮಗಳನ್ನು ಕರೆತಂದಿದ್ದ ಆ ತಾಯಿ. ಸಾಹೇಬರು ಹೊರಗೆ ಬಂದು ನಮ್ಮನ್ನು ಎಣಿಸಿದರು. "ನಾನ್ ಹೇಳ್ಲಿಲ್ವಾ, ಇವರಿಗೇ ಬೇಕಾಗಿಲ್ಲ" ಎಂದು ಮುಖಂಡರನ್ನು ಕಾಫಿಗೆ ಒಳಗೆ ಕರೆದರು. ಮುಖಂಡರು ಹೋದರು. ನನಗೆ ಅಸಹ್ಯವಾಯಿತು, ಅವರಿಬ್ಬರ ಮೇಲಷ್ಟೇ ಅಲ್ಲ.

ಹದಿನೈದು ದಿನ ಹುಡುಗಿ ಬರಲಿಲ್ಲ. ಹುಡುಕಿಕೊಂಡು ಹೋದೆ. ಅವಳನ್ನು ನೂಲು ತೆಗೆಯುವ ಕಡೆ ಕೆಲಸಕ್ಕೆ ಹಾಕಿದ್ದರು.

"ಅಲ್ಲಿ ಮಧ್ಯಾಹ್ನ ಮುದ್ದೆ ಇಕ್ತಾರೆ ಸಾರ್" ಎಂದಳು ತಾಯಿ. "ನೀವ್ ಏನ್ ಇಕ್ತೀರಾ?"

ಬಹಳ ದಿನ ಗೈರುಹಾಜರಾದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬೇಕೆಂಬುದು ನಿಯಮ. ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು ಸಾಹೇಬರಲ್ಲ, ಮುಖಂಡರಲ್ಲ, ನಾನು.