ಪುಟ್ಟಬಸಮ್ಮನ ಕರೆಂಟು ವ್ಯಾನು

ತಾಳವಾಡಿ ರಸ್ತೆಯ ನಡುಮಧ್ಯೆ ನಿಂತು ಪುಟ್ಟಬಸಮ್ಮ ತನ್ನದೇ ವ್ಯಾನಿಗೆ ಒದ್ದಳು. ಒಳಗೆ ಚೆಂಡುಹೂವಿನ ಮೂಟೆಗಳು ಬಿಸಿಲಿಗೆ ಬಾಡುತ್ತಿದ್ದವು. ರಸ್ತೆ ಬದಿಯಲ್ಲಿ ಕ್ಯಾನಿನಿಂದ ಪೆಟ್ರೋಲ್ ಮಾರುವವನು ಸೀಮೆಎಣ್ಣೆ ಬೆರೆಸಿ ಕೊಟ್ಟಿದ್ದ. ಮೊದಲೇ ಸವೆದಿದ್ದ ಎಂಜಿನ್ನು ಕೆಮ್ಮಿ, ಹೊಗೆ ಕಾರಿ, ತಣ್ಣಗಾಗಿತ್ತು.

"ಇನ್ನು ಈ ಗಾಡಿಗೆ ಒಂದ್ ತೊಟ್ಟು ಪೆಟ್ರೋಲ್ ಉಯ್ದ್ರೆ ನನ್ನ ಎಸ್ರು ಪುಟ್ಟಬಸಮ್ಮ ಅಲ್ಲ!"

ಮೋರಿಯ ಮೇಲೆ ಕೂತಿದ್ದ ಅವಳ ಗಂಡ ಸೋಮಶೇಖರ್ ತಲೆ ಎತ್ತಿದ. "ಅಂಗಾದ್ರೆ ಕರೆಂಟಲ್ಲಿ ಓಡುಸ್ಮ ಕಣಮ್ಮಿ."

ತಮಾಷೆ ಮಾಡುತ್ತಿದ್ದಾನೆಂದು ಅವಳಿಗೆ ಇನ್ನಷ್ಟು ಉರಿಯಿತು. ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ. ಮದುವೆಗೆ ಮುಂಚೆ ಕೊಯಮತ್ತೂರಿನ ಮಿಲ್ಲೊಂದರಲ್ಲಿ, ನೂಲಿನ ಮೂಟೆ ಎತ್ತುವ ಬ್ಯಾಟರಿ ಬಂಡಿಗಳ ರಿಪೇರಿ ಮಾಡಿದವನು. ಮುಂದಿನ ವಾರವೇ ಅಲ್ಲಿನ ಗುಜರಿಯಿಂದ ಅಂಥದೊಂದು ಬಂಡಿಯ ಮೋಟರನ್ನು ಬಸ್ಸಿನಲ್ಲಿ ಹೇರಿಕೊಂಡು ದಿಂಬಂ ಘಾಟಿಯ ತಿರುವುಗಳನ್ನು ಹತ್ತಿಸಿ ತಂದ. ಇದು ಎರಡು ಸಾವಿರದ ಎಂಟರ ಮಾತು.

ಎಂಜಿನ್ ಬಿಚ್ಚಿ ದನದ ಕೊಟ್ಟಿಗೆಗೆ ಬಿಸಾಕಿದರು. ಗೇರ್ ಪೆಟ್ಟಿಗೆಯನ್ನು ಹಾಗೇ ಉಳಿಸಿಕೊಂಡು, ಅದಕ್ಕೂ ಮೋಟರಿಗೂ ನಡುವೆ ಕೂರುವ ದಪ್ಪ ತಗಡನ್ನು ಸತ್ಯಮಂಗಲದ ಲೇತಿನಲ್ಲಿ ಮಾಡಿಸಿದರು. ಬ್ಯಾಟರಿಗಳನ್ನು ಎತ್ತಿ ಸೀಟಿನ ಕೆಳಗೆ ಕೂರಿಸುವಾಗ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು. ಆಸಿಡ್ ಚೆಲ್ಲಿ ಅವಳ ಎರಡು ಸೀರೆ ಜರಡಿಯಾದವು. ಮೊದಲ ಸಲ ಸ್ವಿಚ್ ಒತ್ತಿದಾಗ ಗಾಡಿ ಕೋಣದ ಹಾಗೆ ನುಗ್ಗಿ ಹಿತ್ತಲ ಗೋಡೆ ಕೆಡವಿತು. ಅವಳು ಬೈದ ಬೈಗುಳ ಊರಿಗೆಲ್ಲ ಕೇಳಿಸಿತು. ಗೋಡೆಯನ್ನು ಮತ್ತೆ ಕಟ್ಟಿದವಳೂ ಅವಳೇ.

ಕೊನೆಗೂ ವ್ಯಾನು ಓಡಿತು. ಹೊಗೆಯಿಲ್ಲ, ಸದ್ದಿಲ್ಲ. ಹೂವಿನ ಮೂಟೆ ಹೇರಿಕೊಂಡು ತಾಳವಾಡಿಗೆ ಹೋಗಿ ವಾಪಸ್ಸು ಬರುವಷ್ಟು ಕಸುವು ಅದಕ್ಕಿತ್ತು. ಗಂಡ ಓಡಿಸುತ್ತಿದ್ದರೆ ಅವಳು ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು.

ಒಂದು ದಿನ ಟೀ ಅಂಗಡಿ ಮುಂದೆ ಪಕ್ಕದ ಹೊಲದ ಗುರುಮೂರ್ತಿ ನಗುತ್ತಾ ಅಂದ, "ಬಾವಿ ಕರೆಂಟು ಬಿಟ್ಟಿ. ಗಾಡೀನೂ ಬಿಟ್ಟಿ ಓಡ್ತದೆ, ಬುಡಿ."

ಪಂಪಿಗೆಂದು ಸರ್ಕಾರ ರೈತರಿಗೆ ಪುಕ್ಕಟೆ ಕೊಡುವ ಕರೆಂಟನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಪುಟ್ಟಬಸಮ್ಮ ವ್ಯಾನಿನಿಂದ ಇಳಿದೇಬಿಟ್ಟಳು. "ನಮ್ಮನೆ ಮೀಟರಿಂದ ಓಡೋ ಗಾಡಿ ಕಣಪ್ಪ ಇದು! ಕದ್ದು ತಿನ್ನೋರು ನಾವಲ್ಲ. ನಾಲ್ಗೆ ಬಿಗಿ ಇಡ್ಕೊಂಡು ಮಾತಾಡು!" ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಲ್ಲುವವರೆಗೂ ಅವಳು ಬಿಡಲಿಲ್ಲ. ಸೋಮಶೇಖರ್ ಸ್ಟೇರಿಂಗ್ ಹಿಡಿದು ಸುಮ್ಮನೆ ಮುಂದಕ್ಕೆ ನೋಡುತ್ತಿದ್ದ.

ನಾಲ್ಕೈದು ದಿನಕ್ಕೆ ಲೈನ್‌ಮನ್ ಚನ್ನಯ್ಯ ಸೈಕಲ್ ತಳ್ಳಿಕೊಂಡು ಬಂದ. "ನೀವು ಬಾವಿ ಕರೆಂಟಲ್ಲಿ ಗಾಡಿ ಓಡುಸ್ತೀರ ಅಂತ ಪುಗಾರು ಬಂದದೆ ಕಣಕ್ಕಾ. ನೋಡ್ಕೊಂಡು ಓಗ್ಬೇಕು."

"ನೋಡಣ್ಣ, ಚೆನ್ನಾಗ್ ನೋಡು! ನೋಡಿ ಆ ಗುರುಮೂರ್ತಿ ಮೊಕದ್ ಮೇಲೆ ಏಳು!" ಎಂದು ಅವಳೇ ಮುಂದೆ ನಡೆದಳು.

ಗಾಡಿ ನಿಲ್ಲುವ ಚಪ್ಪರದಿಂದ ಕಪ್ಪು ವೈರೊಂದು ಹುಲ್ಲುಮೆದೆಯ ಹಿಂದೆ ಹೋಗುತ್ತಿತ್ತು. ಅದು ಮನೆಗೆ ಹೋಗುತ್ತದೆಂದು ಅವಳು ನಂಬಿದ್ದಳು. ಒಂದು ದಿನವೂ ಹಿಂದೆ ಹೋಗಿ ನೋಡಿರಲಿಲ್ಲ. ಚನ್ನಯ್ಯ ವೈರು ಹಿಡಿದು ಹೋದ. ಮೆದೆ ದಾಟಿದ ವೈರು ಮನೆಯ ಕಡೆ ತಿರುಗಲಿಲ್ಲ. ಬದುವಿನ ಗುಂಟ ಬಾವಿ ಮನೆಗೆ ಹೋಗಿ, ಪಂಪಿನ ಸ್ವಿಚ್ಚುಪೆಟ್ಟಿಗೆಯೊಳಗೆ ಸೇರಿಕೊಂಡಿತ್ತು.

ಅವನು ಪೆಟ್ಟಿಗೆಯ ಮುಚ್ಚಳ ತೆಗೆದು ಅವಳಿಗೂ ತೋರಿಸಿದ. ಟೀ ಅಂಗಡಿಯ ಮುಂದೆ ತಾನು ಕೂಗಿದ ಒಂದೊಂದು ಮಾತೂ ಅವಳ ಕಿವಿಯೊಳಗೆ ಗುಯ್‌ಗುಟ್ಟಿತು.

"ಮೈನ್ ಆಫ್ ಮಾಡಣ್ಣ," ಎಂದಳು. ಅವನು ಮಾಡಿದ. ಅವಳು ವೈರನ್ನು ಕಿತ್ತು, ಬದುವಿನುದ್ದಕ್ಕೂ ಸುತ್ತಿಕೊಂಡು ಬಂದು, ಆ ಸಿಂಬಿಯನ್ನು ಗಂಡನ ಊಟದ ತಟ್ಟೆಯ ಪಕ್ಕ ಕುಕ್ಕಿದಳು.

"ಇನ್ನೊಂದ್ಸಲ ಕಂಡ್ರೆ ಪಂಪಿನ್ ಲೈನೇ ಕತ್ತರಿಸ್ಬೇಕಾಯ್ತದೆ," ಎಂದು ಬಾಗಿಲಾಚೆಯಿಂದಲೇ ಹೇಳಿ ಚನ್ನಯ್ಯ ಸೈಕಲ್ ಹತ್ತಿದ.

ಸೋಮಶೇಖರ್ ತುತ್ತು ಕೆಳಗಿಟ್ಟ. "ಮನೆ ಬಿಲ್ಲು ಏರುದ್ರೆ ನೀನು ಗಾಡೀನೆ ನಿಲ್ಲುಸ್ಬುಡ್ತೀಯ ಅಂತ ಎದ್ರುಕೊಂಡೆ ಕಣಮ್ಮಿ."

"ನನಗೆ ಎದ್ರುಕೊಂಡು ಕದ್ರಾ? ಬ್ಯಾಟ್ರಿ ಎತ್ತಕ್ಕೆ ನಾನು ಬೇಕು, ಗೋಡೆ ಕಟ್ಟಕ್ಕೆ ನಾನು ಬೇಕು, ನಿಜ ಏಳಕ್ಕೆ ಬ್ಯಾಡ! ಊರ್ ಮುಂದೆ ನನ್ನ ಬಾಯಲ್ಲಿ ಸುಳ್ಳಾಡಿಸ್ಬುಟ್ರಲ್ಲ!"

ಗೂಟದಲ್ಲಿದ್ದ ವ್ಯಾನಿನ ಬೀಗದಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ನೆಟ್ಟಗೆ ಗುರುಮೂರ್ತಿಯ ಮನೆಗೆ ನಡೆದಳು. ಜಗುಲಿಯ ಮೇಲಿದ್ದವನು ಗಾಬರಿಯಿಂದ ಎದ್ದ.

"ನೀನೇಳಿದ್ದೇ ನಿಜ," ಎಂದಳು. "ಅಂಗಡಿ ಮುಂದೆ ಬೈದೆ, ಅದು ನನ್ನ ತಪ್ಪು. ಆದ್ರೆ ಗೊತ್ತಿದ್ದೋನು ನಮ್ಮ ಬಾಗ್ಲಿಗೆ ಬಂದು ಏಳ್ಬೇಕಿತ್ತು ಕಣಪ್ಪ. ನಾಕ್ ಜನದ್ ಮುಂದೆ ನಗಾಡ್ಬಾರ್ದಿತ್ತು. ಅದು ನಿನ್ನ ತಪ್ಪು." ಅವನು ನೀರು ತರಿಸುವ ಮೊದಲೇ ಹೊರಟುಬಿಟ್ಟಳು.

ಅಂದಿನಿಂದ ಗಾಡಿ ಮನೆ ಮೀಟರಿನಿಂದಲೇ ಚಾರ್ಜಾಯಿತು. ಕರೆಂಟು ಹೋದಾಗೆಲ್ಲ ಅವಳು ಆಫೀಸಿನವರನ್ನು ಬೈಯುತ್ತಾ ಕಾದಳು. ಬಿಲ್ಲು ಏರಿತು, ಕಟ್ಟಿದಳು. ಖಾಲಿ ಹೊಲದಲ್ಲಿ ವ್ಯಾನು ಓಡಿಸುವುದನ್ನು ಕಲಿತಳು. ಬ್ಯಾಟರಿಗೆ ನೀರು ಹಾಕುವ ಕೆಲಸ ಮಾತ್ರ ಗಂಡನದು. ಊಟಕ್ಕೆ ಕರೆಯುವುದು ಬಿಟ್ಟರೆ, ಚೆಂಡುಹೂವಿನ ಕೊಯ್ಲು ಮುಗಿಯುವವರೆಗೂ ಅವಳು ಅವನೊಂದಿಗೆ ಮಾತಾಡಲಿಲ್ಲ.

ಮಾತು ಶುರುವಾದ ಮೇಲೂ ಸಿಟ್ಟು ಪೂರ್ತಿ ಹೋಗಲಿಲ್ಲ. ಎರಡು ವರ್ಷ ಕಳೆದು ಬ್ಯಾಟರಿಗಳು ಸೊರಗಿದಾಗ, ತುಂಬಿದ ಗಾಡಿ ದೊಡ್ಡಗಾಜನೂರಿನ ಹತ್ತಿರದ ಏರಿನಲ್ಲಿ ನಿಂತೇಹೋಯಿತು.

"ಗೇರು ಇಳ್ಸು," ಎಂದ ಪಕ್ಕದ ಸೀಟಿನಲ್ಲಿದ್ದ ಸೋಮಶೇಖರ್.

"ನನಗ್ಗೊತ್ತು. ಇಳ್ದು ತಳ್ಳಿ."

ಅವನು ಇಳಿದು ಹೆಗಲು ಕೊಟ್ಟ. ವ್ಯಾನು ನಿಧಾನಕ್ಕೆ ಏರು ಹತ್ತಿತು. ಮೇಲೆ ಬಂದ ಕೂಡಲೇ ನಿಲ್ಲಿಸಬಹುದಿತ್ತು. ಅವಳು ಇನ್ನಷ್ಟು ದೂರ ಓಡಿಸಿ, ಹುಣಸೆ ಮರದ ನೆರಳಲ್ಲಿ ನಿಲ್ಲಿಸಿ, ಅವನು ಏದುಸಿರು ಬಿಡುತ್ತಾ ನಡೆದು ಬರುವುದನ್ನು ಕನ್ನಡಿಯಲ್ಲಿ ನೋಡುತ್ತಾ ಕೂತಳು.