ಇಲ್ಲಿಯೂ ನೀರಿಲ್ಲ ಎಂದು ಹೇಳಿದೆ

ಅಮೆರಿಕಕ್ಕೆ ಬಂದ ಮೊದಲ ವಾರದಲ್ಲೇ ನಾನು ಕೆಳಗಿನ ಮನೆಯವರ ಬಚ್ಚಲಿಗೆ ಮೇಲಿನಿಂದ ನೀರು ಸುರಿಸಿದೆ. ಬಾಗಿಲು ಬಡಿದ ಸದ್ದಿಗೆ ಎದ್ದು ಹೋಗಿ ತೆರೆದರೆ ಒಬ್ಬ ಚೀನೀ ಅಜ್ಜ ನಿಂತಿದ್ದರು. ಅಂಗಿಯ ಒಂದು ತೋಳು ಪೂರ್ತಿ ಒದ್ದೆ, ಕೈಯಲ್ಲಿ ಬಕೆಟ್ಟು. ನನ್ನ ಕಾಲ ಕೆಳಗಿನ ನೆಲದತ್ತ ಬೆರಳು ತೋರಿಸಿದರು. ತಿರುಗಿ ನೋಡಿದೆ. ಬಚ್ಚಲಿನಿಂದ ಹೊರಟ ನೀರು ಹಜಾರದ ಜಮಖಾನದ ಅಂಚಿಗೆ ಬಂದು ತಲುಪಿತ್ತು.

ಸ್ನಾನದ ಟಬ್ ತುಂಬಲೆಂದು ನಲ್ಲಿ ಬಿಟ್ಟು, ಪ್ರಯಾಣದ ಆಯಾಸಕ್ಕೆ ಕೂತಲ್ಲೇ ನಿದ್ದೆಹೋಗಿದ್ದೆ. ಹೆಚ್ಚಾದ ನೀರು ಹರಿದುಹೋಗಲೆಂದು ಟಬ್ಬಿನ ಮೇಲ್ಭಾಗದಲ್ಲಿ ಒಂದು ತೂತು ಇರುತ್ತದೆ. ಇನ್ನೆರಡು ಕೊಡ ಹೆಚ್ಚು ಹಿಡಿಯಲಿ ಎಂದು ಅದಕ್ಕೆ ನಾನೇ ಬಟ್ಟೆ ತುರುಕಿದ್ದೆ.

ಬೆಲ್‌ವ್ಯೂ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿರುವ ಆ ಮನೆಯನ್ನು ಮೈಸೂರಿನ ಶುಭಾ ಜೊತೆ ಹಂಚಿಕೊಂಡಿದ್ದೆ. ಸಾಫ್ಟ್‌ವೇರ್ ಕೆಲಸದ ಹುಡುಗಿ, ಒಳ್ಳೆಯವಳು. ಓಡಿಬಂದು ನಲ್ಲಿ ನಿಲ್ಲಿಸಿದಳು, ಅಜ್ಜನ ಕ್ಷಮೆ ಕೇಳಿದಳು, ಟವೆಲ್‌ಗಳನ್ನೆಲ್ಲ ನೆಲಕ್ಕೆ ಹಾಸಿದಳು.

"ರೇಣುಕಾ, ಟಬ್ ಯಾಕೆ ತುಂಬಿಸ್ತಿದ್ರಿ?"

"ನೀರು ಹೋದ್ರ ಏನ್ ಮಾಡೂದ್ರಿ?"

"ಇಲ್ಲಿ ನೀರು ಹೋಗಲ್ಲ ರೀ."

ಅವಳು ಮೆಲ್ಲಗೇ ಹೇಳಿದಳು. ನನಗೆ ಮಾತ್ರ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಅಜ್ಜ "ನೋ ಪ್ರಾಬ್ಲೆಮ್, ನೋ ಪ್ರಾಬ್ಲೆಮ್" ಎನ್ನುತ್ತಾ ಮೆಟ್ಟಿಲಿಳಿದು ಹೋದರು. ಅವರು ಬೈದಿದ್ದರೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ನಾನು ಗದಗಿನವಳು. ನಲ್ಲಿಗೆ ನೀರು ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಎದ್ದುಬರುವುದನ್ನು ನೋಡುತ್ತ ಬೆಳೆದವಳು. ಆದರೆ ಟಬ್ ತುಂಬಿಸುವ ಚಾಳಿ ನನಗೆ ಬಂದದ್ದು ಸೂಡಾನಿನ ಖಾರ್ಟೂಮಿನಲ್ಲಿ. ಅಲ್ಲಿಯ ಔಷಧ ಕಾರ್ಖಾನೆಯೊಂದರ ಲ್ಯಾಬಿಗೆ ಕೆಲಸಕ್ಕೆಂದು ಹೋಗಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಇಖ್ಲಾಸ್ ತನ್ನ ಮನೆಯ ಮಹಡಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಳು. ತಂದೆತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಮೊದಲ ದಿನಗಳಲ್ಲಿ ಅವಳು ಕಲಿಸಿದ ಶಬ್ದಗಳಲ್ಲಿ ಎರಡು ನನಗೆ ತುಂಬ ಹಿಡಿಸಿದ್ದವು. ಮೋಯ ಅಂದರೆ ನೀರು. ಮಾಲೇಶ್ ಅಂದರೆ ಹೋಗಲಿ ಬಿಡು, ಬೇಜಾರು ಮಾಡಿಕೊಳ್ಳಬೇಡ. ಊರಿನ ದಾರಿಗಳು ಗುರುತಾಗುವ ಮೊದಲೇ ಒಂದು ಬೆಳಿಗ್ಗೆ ಗುಂಡಿನ ಸದ್ದು ಶುರುವಾಯಿತು. ಎರಡು ಸೈನ್ಯಗಳು ಊರಿನ ನಡುವೆಯೇ ಬಡಿದಾಡತೊಡಗಿದವು. ಕರೆಂಟು ಹೋಯಿತು, ನಲ್ಲಿ ಒಣಗಿತು.

ನೀರಿಗೆ ಹೋಗುತ್ತಿದ್ದವಳು ಇಖ್ಲಾಸ್. ನಾನು ಹೊರಟರೆ ತಡೆಯುತ್ತಿದ್ದಳು. "ನಿನ್ನ ಭಾಷಾ ಕೇಳಿದ್ರ ಯಾರ ಏನ್ ಮಾಡ್ತಾರೋ" ಎನ್ನುತ್ತಿದ್ದಳು. ಎರಡು ಓಣಿಯಾಚೆ ಬಾವಿಯಿತ್ತು. ಅವಳು ಕ್ಯಾನ್ ಹಿಡಿದು ಹೋಗಿ ಬರುವವರೆಗೆ ನಾನು ಬಾಗಿಲ ಹಿಂದೆ ನೆಲಕ್ಕೆ ಕೂತಿರುತ್ತಿದ್ದೆ. ಬಂದವಳು ಮೊದಲ ಲೋಟ ನನಗೆ ಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ಕೆಲ ದಿನಗಳಲ್ಲಿ ಭಾರತೀಯರನ್ನು ಕರೆದೊಯ್ಯಲು ಬಸ್ಸು ಬರುತ್ತದೆ ಎಂಬ ಸುದ್ದಿ ಬಂತು. ಇಖ್ಲಾಸ್ ನನ್ನ ಚೀಲ ಹೊತ್ತು ಬಸ್ಸಿನ ತನಕ ನಡೆದಳು. ಬಾಗಿಲಲ್ಲಿದ್ದವನು ಪಾಸ್‌ಪೋರ್ಟ್ ಕೇಳಿದ. ನಾನು ತೋರಿಸಿದೆ. ಅವಳು ಚೀಲವನ್ನು ನನ್ನ ಕೈಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. "ಮಾಲೇಶ್" ಎಂದಳು. ಹಾಗೆ ಹೇಳಬೇಕಾಗಿದ್ದವಳು ನಾನು, ಅವಳಲ್ಲ.

ಊರಿಗೆ ಮರಳಿ ವರ್ಷದ ಮೇಲೆ ಇಲ್ಲಿಯ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಒಂದು ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಇಖ್ಲಾಸ್ ಅಷ್ಟರಲ್ಲಿ ಮನೆ ಬಿಟ್ಟು, ನದಿಯಾಚೆ ಚಿಕ್ಕಮ್ಮಂದಿರ ಮನೆ ಸೇರಿಕೊಂಡಿದ್ದಳು. ನೆಟ್‌ವರ್ಕ್ ಸಿಕ್ಕಾಗ ಫೋನ್ ಮಾಡುತ್ತಿದ್ದಳು. ಅಜ್ಜನ ಬಚ್ಚಲು ತೊಯ್ದ ಮರುದಿನವೂ ಅವಳ ಫೋನ್ ಬಂತು. ನಾವು ಇಂಗ್ಲಿಷಿನಲ್ಲಿ, ನಡುನಡುವೆ ಅರಬ್ಬಿ ಶಬ್ದ ಬೆರೆಸಿ ಮಾತಾಡುತ್ತೇವೆ. ಅವಳ ದನಿ ನನ್ನ ಮನಸ್ಸಿಗೆ ಗದಗಿನ ಕನ್ನಡದಲ್ಲೇ ಕೇಳುವುದರಿಂದ ಹಾಗೇ ಬರೆಯುತ್ತೇನೆ.

"ಹೊಸಾ ಊರು ಹೆಂಗೈತಿ? ಮೋಯ ಬರ್ತೈತೇನು?"

ಶುಭಾ ತೊಳೆದು ಹಾಕಿದ ಟವೆಲ್‌ಗಳು ನನ್ನ ಎದುರಿಗೇ ಒಣಗುತ್ತಿದ್ದವು. "ಇಲ್ಲ, ಇಲ್ಲಿನೂ ಭಾಳ ತ್ರಾಸೈತಿ" ಎಂದುಬಿಟ್ಟೆ.

ಯಾಕೆ ಹಾಗೆ ಹೇಳಿದೆನೋ! ಅವಳಿಗಿಲ್ಲದ್ದು ನನಗೆ ಹೇರಳವಾಗಿದೆ ಎಂದು ಹೇಳಲು ನಾಲಗೆ ಹೊರಳಲಿಲ್ಲ.

ಅಂದಿನಿಂದ ಇಖ್ಲಾಸ್ ನನ್ನ ಕಷ್ಟವನ್ನು ತಲೆಗೆ ಹಚ್ಚಿಕೊಂಡಳು. ಧ್ವನಿ ಸಂದೇಶದ ಮೇಲೆ ಧ್ವನಿ ಸಂದೇಶ. ತರಕಾರಿ ತೊಳೆದ ನೀರು ಚೆಲ್ಲಬೇಡ, ಕಾಲು ತೊಳೆಯಲಿಕ್ಕಾಗುತ್ತದೆ. ತುಂಬಿದ ಕ್ಯಾನನ್ನು ಒಂದೇ ಕೈಯಲ್ಲಿ ಹೊರಬೇಡ, ನಿನ್ನ ಸೊಂಟ ಮೊದಲೇ ಸರಿಯಿಲ್ಲ. ನಾನು ಬಿಸಿನೀರಿನ ಷವರ್ ಮುಗಿಸಿ ಬಂದು, ಕೂದಲಿನಿಂದ ಹನಿ ಉದುರುತ್ತಿರುವಾಗ ಅವನ್ನು ಕೇಳುತ್ತಿದ್ದೆ. "ಆಯ್ತು" ಎಂದು ಉತ್ತರ ಕಳಿಸುತ್ತಿದ್ದೆ.

ಶುಭಾ ಒಮ್ಮೆ ಕೇಳಿಯೇಬಿಟ್ಟಳು. "ಪಾಪ, ಅವರಿಗೆ ಯಾಕೆ ಸುಳ್ಳು ಹೇಳ್ತೀರಿ? ನಿಜ ಹೇಳಿದ್ರೆ ಖುಷಿ ಪಡಲ್ವಾ?"

ಖುಷಿ ಪಡುತ್ತಾಳೆ. ನನ್ನ ಕಷ್ಟ ಅದೇ ಆಗಿತ್ತು.

ಬೇಸಿಗೆಯ ಹೊತ್ತಿಗೆ ಇಖ್ಲಾಸ್ ಗಡಿ ದಾಟಿ ಕೈರೋ ತಲುಪಿದಳು. ಒಂದು ಭಾನುವಾರ ಮನೆ ಹತ್ತಿರದ ಪಾರ್ಕಿನಲ್ಲಿ ಕೂತಿದ್ದಾಗ ಫೋನ್ ಬಂತು. ನೋಡದೆ ಒತ್ತಿದೆ, ವಿಡಿಯೋ ಕಾಲ್. ನನ್ನ ಬೆನ್ನ ಹಿಂದೆ ಮಕ್ಕಳ ಆಟಕ್ಕೆಂದು ನೆಲದಿಂದ ಚಿಮ್ಮುವ ಕಾರಂಜಿಗಳು. ಮಕ್ಕಳು ಕಿರುಚುತ್ತ ನೀರಿನೊಳಗೆ ನುಗ್ಗುತ್ತಿದ್ದವು.

ಇಖ್ಲಾಸ್ ಬಹಳ ಸೊರಗಿದ್ದಳು. ನನ್ನ ಮುಖ ಬಿಟ್ಟು ಹಿಂದೆಯೇ ನೋಡುತ್ತಿದ್ದಳು.

"ಅದೇನದು, ರೇಣುಕಾ?"

"ಮೋಯ" ಎಂದೆ.

"ಹುಡುಗರು ಆಡ್ಲಿಕ್ಕೇನು?"

"ಹೂಂ."

"ಅಂದ್ರ ನೀ ಸುಳ್ಳ ಹೇಳಿದಿ."

"ನಾಚಿಕಿ ಆತು" ಎಂದೆ.

ಅವಳು ನಕ್ಕಳು. "ನಮ್ಮ ಚಿಗವ್ವಾರು ನಿನಗ ನೀರು ಸಿಗಲಿ ಅಂತ ದಿನಾ ಪ್ರಾರ್ಥನಾ ಮಾಡ್ಯಾರ!" ನಗುತ್ತಲೇ ಅವಳ ಮುಖ ಸಣ್ಣದಾಯಿತು. "ಅಲ್ಲಿ ನನ್ನ ಕಡೆ ಏನೂ ಉಳಿದಿರಲಿಲ್ಲ. ನಿನಗ ಏನ್ ಉಪಾಯ ಹೇಳ್ಲಿ ಅಂತ ವಿಚಾರ ಮಾಡೂದೊಂದ ನನ್ನ ಕೆಲಸಾಗಿತ್ತು. ಈಗ ಏನ್ ಹೇಳ್ಲಿ?"

ಸುಳ್ಳು ಹೇಳಿದ್ದಕ್ಕಿಂತ ಅದು ಬಯಲಾದದ್ದೇ ಅವಳಿಂದ ಏನನ್ನೋ ಕಸಿದುಕೊಂಡಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ. ಆದರೆ ಈ ಸಲ ಬಾಯಿಂದ ನಿಜವೇ ಬಂತು.

"ನನಗಿಲ್ಲಿ ಯಾರೂ ಇಲ್ಲ, ಇಖ್ಲಾಸ್. ಲ್ಯಾಬಿನ್ಯಾಗ ಎಲ್ಲಾರೂ ತಮ್ಮ ತಮ್ಮ ಡಬ್ಬಿ ಹಿಡಕೊಂಡು ಕಂಪ್ಯೂಟರ್ ಮುಂದ ಉಣತಾರ. ನಾ ಕಾರಿಡಾರಿನ ಕಿಡಕಿ ಕಡೆ ಮುಖಾ ಮಾಡಿ ನಿಂತು ಉಣತೀನಿ. ಯಾರ ಜೋಡಿ ಹೆಂಗ ಕೂಡ್ಬೇಕೋ ತಿಳಿವಲ್ದು."

ಅವಳ ದನಿಗೆ ಹಳೆಯ ಅಧಿಕಾರ ಮರಳಿತು. "ನಾವು ಹೆಂಗ ಉಣತಿದ್ವಿ? ನಡುವ ಒಂದ ತಟ್ಟಿ, ಸುತ್ತಲೂ ಎಲ್ಲಾರ ಕೈ. ನಿನಗ ಸಾಕಾಗೂದಕ್ಕಿಂತ ಹೆಚ್ಚು ಮಾಡು. ಟೇಬಲ್ ನಡುವ ಇಡು. ಕರೀಬ್ಯಾಡ. ಮುಚ್ಚಳಾ ತಗದು ಸುಮ್ನ ಕೂಡು."

ಅವರಲ್ಲಿ ದಿನಾ ಉಣ್ಣುವ ಫೂಲ್ ಎಂಬ ಕಾಳಿನ ಅಡುಗೆ ಮಾಡುವುದನ್ನೂ ಅವಳೇ ಹೇಳಿದಳು. ನೆನೆಸಿದ ದಪ್ಪ ಕಾಳನ್ನು ಮೆತ್ತಗೆ ಬೇಯಿಸಿ, ಮಸೆದು, ಜೀರಿಗೆ, ಈರುಳ್ಳಿ, ಎಳ್ಳೆಣ್ಣೆ ಬೆರೆಸುವುದು. ಮರುದಿನ ಲ್ಯಾಬಿನ ಊಟದ ಕೋಣೆಯಲ್ಲಿ ತಟ್ಟೆಯನ್ನೂ ಬ್ರೆಡ್ಡನ್ನೂ ಟೇಬಲ್ ನಡುವೆ ಇಟ್ಟು, ಮುಚ್ಚಳ ತೆಗೆದು ಕೂತೆ. ಕಾಫಿಗೆ ಬಂದ ಇಬ್ಬರು ನೋಡಿ ಹಾಗೇ ಹೋದರು. ಮೂರನೆಯವಳು, ನನ್ನ ಪಕ್ಕದ ಬೆಂಚಿನಲ್ಲೇ ಕೆಲಸ ಮಾಡುತ್ತಿದ್ದರೂ ಎಂದೂ ಮಾತಾಡದವಳು, ಮೂಸಿ ನೋಡಿ ಕುರ್ಚಿ ಎಳೆದುಕೊಂಡಳು. ಬ್ರೆಡ್ಡಿನ ತುಂಡನ್ನು ಅದ್ದಿ ತಿಂದಳು. ಇನ್ನೊಂದು ತುಂಡು ಮುರಿದಳು.

"ಇದು ನಿಮ್ಮ ಊರಿನ ಅಡುಗೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಗದಗಿನಲ್ಲಿ ನಮ್ಮವ್ವ ಈ ಕಾಳನ್ನು ಕಣ್ಣಿಂದಲೂ ಕಂಡಿಲ್ಲ. ಇದನ್ನು ಉಣ್ಣುವ ಊರನ್ನು, ಬಸ್ಸು ಬಂದ ಕೂಡಲೇ ನಾನು ಬಿಟ್ಟು ಬಂದಿದ್ದೆ. ಅದನ್ನು ನನ್ನದೆನ್ನಲು ನನಗೆ ಯಾವ ಹಕ್ಕಿದೆ ಎಂದು ಒಂದು ಗಳಿಗೆ ಯೋಚಿಸಿದೆ.

"ಹೌದು" ಎಂದೆ, ತಟ್ಟೆಯನ್ನು ಅವಳತ್ತ ಸರಿಸಿದೆ.