ಮುಹೂರ್ತವಿಲ್ಲದ ತಿಂಗಳ ಫೋಟೋ

ಬೆಳಗಿನ ಜಾವ. ಚಾಮರಾಜಪೇಟೆಯ ಮನೆಯೊಂದರ ತಾರಸಿಯಲ್ಲಿ ಸೊಣ್ಣಪ್ಪ ಮಫ್ಲರ್ ಸುತ್ತಿಕೊಂಡು ಕೂತಿದ್ದಾರೆ. ಬಾಗಿಲಿನ ಕೀಲು ಹಾಕಿ ಜೋಡಿಸಿದ ಎರಡು ಹಲಗೆ, ಮೇಲೊಂದು ಕ್ಯಾಮೆರಾ, ಕೆಳಗೊಂದು ಉದ್ದನೆಯ ಸ್ಕ್ರೂ. ನಕ್ಷತ್ರಗಳು ಪಡುವಣಕ್ಕೆ ಸರಿದಂತೆ ಸ್ಕ್ರೂ ತಿರುಗಿಸುತ್ತಾರೆ, ಕ್ಯಾಮೆರಾ ಅವುಗಳ ಹಿಂದೆಯೇ ಹೋಗುತ್ತದೆ. ಬೀದಿದೀಪಗಳಿಂದ ಆಕಾಶ ತಿಳಿಸಾರಿನ ಬಣ್ಣಕ್ಕಿದೆ. ಅದರೊಳಗಿಂದ ಅವರಿಗೆ ಬೇಕಾಗಿರುವುದು ಓರಿಯನ್ ನೀಹಾರಿಕೆ, ಹೊಸ ನಕ್ಷತ್ರಗಳು ಹುಟ್ಟುವ ಮೋಡ.

ಸೊಣ್ಣಪ್ಪ ಮದುವೆ ಫೋಟೋಗ್ರಾಫರ್. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಸಂಪಾದನೆಯೂ ಇಲ್ಲ. ಆದರೆ ಹಿಂದಿನ ಬೀದಿಯ ಛತ್ರದ ಸೀರಿಯಲ್ ಸೆಟ್ ದೀಪಗಳ ಝಗಮಗವೂ ಇಲ್ಲ.

“ಈ ತಿಂಗ್ಳು ಛತ್ರದೋರೂ ನಾನೂ ಇಬ್ರೂ ಖಾಲಿ. ಅವ್ರು ಅಳ್ತಾ ಕೂತ್ಕೋತಾರೆ, ನಾನು ತಾರಸಿ ಹತ್ತೀನಿ,” ಎನ್ನುತ್ತಾರೆ. ಧನುರ್ಮಾಸದ ಪೂಜೆಗೆ ದೇವಸ್ಥಾನದ ದೀಪಗಳು ಹತ್ತಿದರೆ ಅಂದಿನ ಕೆಲಸ ಮುಗಿಯಿತು.

ಹೋದ ವರ್ಷ ಆ ತಿಂಗಳ ಕಷ್ಟವೆಲ್ಲ ನೀರುಪಾಲಾಗಿತ್ತು. ಫಿಲ್ಮ್ ರೋಲಿನ ತುಂಬ ಒಂದೇ ಥರದ ಆಕಾಶ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವುದೆಲ್ಲಿ ಎಂದು ಗೊತ್ತಾಗದೆ ಲ್ಯಾಬಿನವರು ಫಿಲ್ಮನ್ನು ನೀಹಾರಿಕೆಯ ನಟ್ಟನಡುವೆ ಕತ್ತರಿಸಿಬಿಟ್ಟಿದ್ದರು. ಈ ಸಲವೂ ಹಾಗಾದರೆ ಮುಂದಿನ ಧನುರ್ಮಾಸದ ತನಕ ಕಾಯಬೇಕು. ಅದಕ್ಕೇ ರೋಲಿನ ಮೊದಲ ಫೋಟೋ ಹೆಂಡತಿ ಅಕ್ಕಯಮ್ಮನದು, ಫ್ಲ್ಯಾಶ್ ಹಾಕಿ ತೆಗೆದದ್ದು. ಲ್ಯಾಬಿನವರು ಅದರ ಅಂಚಿನಿಂದ ಒಂದೊಂದೇ ಚಿತ್ರ ಅಳೆದುಕೊಂಡು ಹೋದರೆ ಕತ್ತರಿ ದಾರಿ ತಪ್ಪುವುದಿಲ್ಲ.

“ಮದುವೆ ಹೆಣ್ಣುಗಳಿಗೆ ಗಲ್ಲ ಎತ್ತಮ್ಮ, ನಗಮ್ಮ ಅಂತೀರ. ನನ್ಗಾದ್ರೆ ಕಣ್ಣು ಬಿಡೋಕೂ ಟೈಮ್ ಕೊಡಲ್ಲ,” ಎಂದು ಅಕ್ಕಯಮ್ಮ ಕಾಫಿ ಲೋಟ ಕುಕ್ಕುತ್ತಾರೆ.

“ನೀನು ಕಣ್ಣು ಮುಚ್ಚಿದ್ರೂ ಕತ್ತರಿಗೆ ಕಾಣ್ತೀಯ ಬಿಡೇ.”

ವಾರದ ಮೇಲೆ ಲ್ಯಾಬಿನ ಗೌರೀಶ್ ಕವರು ಕೊಡುತ್ತಾ, “ಅಣ್ಣಾ, ಅತ್ತಿಗೆ ಒಬ್ರೇ ಚೆನ್ನಾಗ್ ಬಂದಿರೋದು. ಮಿಕ್ಕಿದ್ದೆಲ್ಲ ಮಸುಕು, ಪ್ರಿಂಟ್ ಹಾಕಿಲ್ಲ,” ಎನ್ನುತ್ತಾನೆ. ಸೊಣ್ಣಪ್ಪ ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಯಾವ ಚಿತ್ರದ ಮೇಲೂ ಕತ್ತರಿ ಬಿದ್ದಿಲ್ಲ. “ಆ ಮಸುಕನ್ನೇ ಹಾಕಪ್ಪಾ. ಸುತ್ತಾ ಚೂರು ಕಪ್ಪು ಜಾಸ್ತಿ ಮಾಡು.” ಕಾಗದದ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಗುಲಾಬಿ ಮೋಡ ಮೂಡುತ್ತದೆ, ಇಡಿಯಾಗಿ.

ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿನ ಕಡೇ ಹಾಳೆಯಲ್ಲಿ ಈಗ ಅದೇ ಇದೆ. ಮಗಳ ಮದುವೆಗೆ ಮಾತಾಡಲು ಬಂದ ಯಜಮಾನರೊಬ್ಬರು ಅಲ್ಲಿಗೆ ಬಂದು ನಿಲ್ಲುತ್ತಾರೆ. “ಇದ್ಯಾರ ಮದುವೇದ್ರೀ?”

“ಮದುವೇದಲ್ಲ ಸಾರ್, ನಕ್ಷತ್ರಗಳ ಹೆರಿಗೆ ಮನೆ,” ಎಂದು ಸೊಣ್ಣಪ್ಪ ಹಾಳೆಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸುತ್ತಾರೆ. “ಚಾಮರಾಜಪೇಟೆಯಿಂದ್ಲೇ ತೆಗ್ದಿದ್ದು.”